ಒಲೆಗೆ ಹೋಗದ ಬಾಗಿಲು

ಹಳ್ಳಿಯ ಹಳೆಯ ಮನೆಯೊಂದನ್ನು ಕೆಡವುವ ದಿನ ಅಂಗಳದಲ್ಲಿ ನಿಂತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಗೋಡೆಯ ಮಣ್ಣು ಹೊಲ ಸೇರುತ್ತದೆ. ಕಲ್ಲು ಹೊಸ ಮನೆಯ ಬುನಾದಿಗೆ ಬೀಳುತ್ತದೆ. ತೊಲೆ ಕಂಬಗಳಿಗೆ ಕಟ್ಟಿಗೆಯ ವ್ಯಾಪಾರಿ ಮೊದಲೇ ಮುಂಗಡ ಕೊಟ್ಟು ಹೋಗಿರುತ್ತಾನೆ. ಸಂಜೆಯ ಹೊತ್ತಿಗೆ ಬೇವಿನ ಮರಕ್ಕೆ ಆತು ನಿಂತಿರುವುದು ತಲೆಬಾಗಿಲಿನ ಎರಡು ಕದಗಳು ಮಾತ್ರ. ಹೊಸ ಮನೆಗೆ ಅವುಗಳ ಅಳತೆ ಒಪ್ಪುವುದಿಲ್ಲ; ಎತ್ತರ ಕಡಮೆ, ತೂಕ ಹೆಚ್ಚು. ಮಾರಿದರೆ ಸೌದೆಗಿಂತ ಸ್ವಲ್ಪ ಮೇಲಾದ ಬೆಲೆ. ಒಡೆದರೆ ನಾಲ್ಕು ದಿನದ ಉರುವಲು. ಮೂರು ತಲೆಮಾರು ಮನೆಯನ್ನು ಕಾದ ಬಾಗಿಲಿನ ಮುಂದೆ ಮನೆಯ ಹಿರಿಯರು ಆಗ ಏನೂ ತೋಚದೆ ನಿಲ್ಲುತ್ತಾರೆ.

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಇಳಿದು ಸಿಮೆಂಟಿನ ಛಾವಣಿಗಳು ಏಳುತ್ತಿವೆ. ಮಳೆಗೆ ಸೋರದ, ವರ್ಷವರ್ಷವೂ ಮೇಲ್ಮುದ್ದೆ ಹಾಕುವ ಗೋಜಿಲ್ಲದ ಮನೆ ಯಾರಿಗೆ ಬೇಡ? ಹಳೆಯ ಮನೆ ಹೋಗುವುದನ್ನು ತಡೆಯುವುದು ಎಲ್ಲರಿಗೂ ಸಾಧ್ಯವಿಲ್ಲ, ಎಲ್ಲ ಕಡೆಯೂ ಅದು ಅವಶ್ಯವೂ ಅಲ್ಲ. ಆದರೆ ಆ ಕದಗಳಿಗೆ ಒಲೆ ಮತ್ತು ವ್ಯಾಪಾರಿಯ ಗಾಡಿ ಎರಡನ್ನೂ ಬಿಟ್ಟು ಮೂರನೆಯ ಹಾದಿಯೊಂದು ಉಂಟು. ಅವನ್ನು ಅಡ್ಡಲಾಗಿ ಮಲಗಿಸಿ, ಮಂಚದ ತಲೆದೆಸೆಯಲ್ಲಿ ದಿಂಬಿನ ಹಿಂದೆ ನಿಲ್ಲುವ ತಲೆಹಲಗೆಯನ್ನಾಗಿ ಮಾಡಿಕೊಳ್ಳಬಹುದು. ಸಾಧಾರಣವಾದ ಹತಾರುಗಳೂ ಒಂದಿಷ್ಟು ತಾಳ್ಮೆಯೂ ಇದ್ದರೆ ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸವಿದು. ಆದರೆ ತಿಳಿಯದೆ ಮಾಡಿದರೆ ಬಾಗಿಲೂ ಕೆಟ್ಟೀತು, ಮಕ್ಕಳ ಆರೋಗ್ಯವೂ ಕೆಟ್ಟೀತು.

ಹೊಳೆಯ ಜೊತೆಗೆ ಮರದ ಕತೆ

ಈ ಸೀಮೆಯ ಬಾಗಿಲುಗಳನ್ನು ಅರಿಯಬೇಕಾದರೆ ಮಲಪ್ರಭೆಯ ದಾರಿಯಲ್ಲಿ ಸಾಗಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಾಡನ್ನು ಹಿಂದೆ ಬಿಟ್ಟು, ಬೈಲಹೊಂಗಲದ ಎರೆಯ ಸೀಮೆಯನ್ನು ಹಾದು, ಸವದತ್ತಿಯ ಬಳಿ ಗುಡ್ಡಗಳ ಸಂದಿಯಲ್ಲಿ ನುಸುಳಿ, ರಾಮದುರ್ಗದ ಪಕ್ಕದಲ್ಲಿ ಹರಿದು, ಬಾದಾಮಿಯ ಸೀಮೆಯತ್ತ ಸಾಗುತ್ತದೆ. ಹೊಳೆ ಮೂಡಣಕ್ಕೆ ಸರಿದಂತೆ ಮಳೆ ಕಡಮೆಯಾಗುತ್ತದೆ. ಮಳೆಯೊಂದಿಗೆ ಮರವೂ ಕಡಮೆಯಾಗುತ್ತದೆ. ಪಡುವಣದ ಕಾಡಿನ ಅಂಚಿಗಿರುವ ಕಿತ್ತೂರಿನ ಕಡೆ ಸಾಗುವಾನಿ, ಮತ್ತಿ, ಹೊನ್ನೆಗಳ ಬಳಕೆ ಸಹಜ. ರಾಮದುರ್ಗದ ಕಲ್ಲುಗುಡ್ಡಗಳ ನಾಡಿನಲ್ಲಿ ಕಲ್ಲು ಹೇರಳ, ದೊಡ್ಡ ಮರ ವಿರಳ. ಅಲ್ಲಿ ಬಡವರ ಬಾಗಿಲಿಗೆ ಬೇವು, ಜಾಲಿಗಳೇ ಗತಿ. ಆದುದರಿಂದ ಮೂಡಣದ ಹಳ್ಳಿಯೊಂದರ ಮನೆಯಲ್ಲಿ ಸಾಗುವಾನಿಯ ಕದ ಕಂಡರೆ, ಅದನ್ನು ಮಾಡಿಸಿದವರು ಗಾಡಿ ಕಟ್ಟಿಕೊಂಡು ದೂರದಿಂದ ಮರ ತಂದರೆಂದೇ ತಿಳಿಯಬೇಕು. ಅಂಥ ಮನೆಯಲ್ಲಿ ಬಾಗಿಲೇ ಆಸ್ತಿ.

ಮರ ಹೋದರೆ ಮನೆಯ ಗತಿಯೇನಾಗುತ್ತದೆ ಎಂಬುದನ್ನು ಕಿತ್ತೂರಿನ ಕೋಟೆಯಲ್ಲಿ ಕಣ್ಣಾರೆ ಕಾಣಬಹುದು. 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಮಡಿದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅವಳ ಸಮಾಧಿ ಆ ಊರಿನಲ್ಲಿಯೇ ಇದೆ. ಇಂದು ಕಿತ್ತೂರಿನ ಅರಮನೆಯಲ್ಲಿ ಗೋಡೆಗಳು ನಿಂತಿವೆ, ಛಾವಣಿಯಿಲ್ಲ. ಧ್ರುವನಕ್ಷತ್ರವನ್ನು ನೋಡಲು ಮಾಡಿದ ಕಿಂಡಿಯನ್ನು ಪ್ರವಾಸಿಗಳು ಈಗಲೂ ಬಗ್ಗಿ ನೋಡುತ್ತಾರೆ. ಆದರೆ ಮುಚ್ಚಿ ತೆರೆಯುವ ಬಾಗಿಲುಗಳಿಲ್ಲ. ಕೋಟೆಯ ಆವರಣದ ವಸ್ತುಸಂಗ್ರಹಾಲಯದಲ್ಲಿ ಖಡ್ಗ, ಕವಚಗಳ ಜೊತೆಗೆ ಕೆತ್ತನೆಯ ಮರದ ಬಾಗಿಲು ಕಿಟಕಿಗಳನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಕಲ್ಲು ತಾನಾಗಿ ಉಳಿಯುತ್ತದೆ; ಕಟ್ಟಿಗೆ ಉಳಿಯಬೇಕಾದರೆ ಯಾರಾದರೂ ಉಳಿಸಬೇಕು.

ಈ ಸೀಮೆಯವರು ಮನೆಯ ಕಟ್ಟಿಗೆಯನ್ನು ಹೊತ್ತು ನಡೆದದ್ದೂ ಉಂಟು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು 1970ರ ದಶಕದ ಮೊದಲ ವರ್ಷಗಳಲ್ಲಿ ನೀರು ನಿಂತಾಗ ಹಲವು ಹಳ್ಳಿಗಳು ಜಾಗ ಬಿಡಬೇಕಾಯಿತು. ಹೊಲ ಮನೆಗಳನ್ನು ಬಿಟ್ಟು ಹೊರಟವರ ಕೈಗೆ ಬರುವಂಥದು ಬಿಚ್ಚಲು ಬರುವ ಸಾಮಾನು ಮಾತ್ರ: ತೊಲೆ, ಕಂಬ, ಚೌಕಟ್ಟು, ಕದ. ಮುಂದೆ 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ನೀರಿನಲ್ಲಿ ನೆನೆದ ಮಣ್ಣಿನ ಗೋಡೆಗಳು ಕುಸಿದವು. ಕುಸಿದ ಮಣ್ಣಿನ ಗುಡ್ಡೆಯೊಳಗಿಂದ ಗಟ್ಟಿಯಾಗಿ ಎದ್ದುಬರುವ ವಸ್ತು ಮರದ್ದೇ. ಮನೆ ಹೋದರೂ ಬಾಗಿಲು ಉಳಿಯುತ್ತದೆ ಎಂಬುದು ಈ ಹೊಳೆಯ ದಂಡೆಯವರಿಗೆ ಗಾದೆಯ ಮಾತಲ್ಲ, ಕಂಡ ಮಾತು.

ಎರಡು ಕದ, ಹಲವು ಪಾಲು

ಮನೆ ಪಾಲಾಗುವಾಗ ಹೊಲವನ್ನು ಅಳೆದು ಹಂಚಬಹುದು. ಪಾತ್ರೆಗಳನ್ನು ಎಣಿಸಿ ಹಂಚಬಹುದು. ತಲೆಬಾಗಿಲನ್ನು ಹಂಚುವುದು ಹೇಗೆ? ವಿಚಿತ್ರವೆಂದರೆ, ಇದ್ದ ಸಾಮಾನಿನಲ್ಲೆಲ್ಲ ಸಮಪಾಲಿಗೆ ಸುಲಭವಾಗಿ ಒದಗುವುದು ಅದೇ. ಕದಗಳು ಎರಡು, ಅಣ್ಣನಿಗೊಂದು, ತಮ್ಮನಿಗೊಂದು. ಒಂದೊಂದು ಕದವೂ ಒಂದೊಂದು ಮಂಚದ ತಲೆಹಲಗೆಯಾಗಲು ಸಾಕಾಗುತ್ತದೆ.

ಆದರೆ ಆ ಬಾಗಿಲಿನ ಮೇಲೆ ಇನ್ನೊಬ್ಬರ ಕಣ್ಣೂ ಇರುತ್ತದೆ. ಮದುವೆಯಾಗಿ ಹುಬ್ಬಳ್ಳಿಗೋ ಪುಣೆಗೋ ಹೋದ ಮಗಳಿಗೆ ತವರುಮನೆ ಎಂದರೆ ಮೊದಲು ನೆನಪಾಗುವುದು ಆ ಬಾಗಿಲೇ. ಹೊಸ್ತಿಲಿನ ಮೇಲೆ ಅರಿಸಿನ ಕುಂಕುಮವಿಟ್ಟವಳು ಅವಳು. ದೀಪ ಹಚ್ಚುವ ಹೊತ್ತಿಗೆ ಕದ ತೆರೆದಿಟ್ಟವಳು ಅವಳು. ತೌರಿಗೆ ಬಂದಾಗ ಕಣ್ಣೀರು ಒರೆಸಿಕೊಂಡು ಅದೇ ಕದಕ್ಕೆ ಒರಗಿ ನಿಂತವಳೂ ಅವಳೇ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಉಂಟು. ಹಕ್ಕಿನ ಮಾತು ನ್ಯಾಯಾಲಯದ್ದು. ಬಾಗಿಲಿನ ಮಾತು ಬೇರೆ. ಹೊಲದ ಪಾಲನ್ನು ಕೇಳಲು ಸಂಕೋಚಪಡುವ ಎಷ್ಟೋ ಹೆಣ್ಣುಮಕ್ಕಳು ಒಂದು ಕದವನ್ನು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಆದರೆ ಅವರು ಕೇಳುವ ಮೊದಲೇ ಕದ ಒಡೆದುಹೋಗಿರುತ್ತದೆ. ಮನೆ ಕೆಡವುವವರು ಕೊಡಲಿ ಎತ್ತುವ ಮುಂಚೆ ಅಕ್ಕತಂಗಿಯರಿಗೊಂದು ಮಾತು ತಿಳಿಸಿದರೆ ಹಾನಿಯೇನು?

ಹಳೆಯ ಮನೆಯ ಮರವನ್ನು ಹೊಸ ನೆಲೆಯಲ್ಲಿ ಉಳಿಸುವ ವಿಚಾರ ಕನ್ನಡನಾಡಿಗೆ ಹೊಸತಲ್ಲ. ಮಣಿಪಾಲದ ವಿಜಯನಾಥ ಶೆಣೈ ಅವರು (1934–2017) ಜನ ಬೇಡವೆಂದು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲುಗಳನ್ನು ಕೂಡಿಸಿ ಮೊದಲು ತಮ್ಮ ಮನೆಯನ್ನು ಕಟ್ಟಿಕೊಂಡರು. ಅನಂತರ ಇಡೀ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಎಬ್ಬಿಸಿದರು. ಕುಂಜೂರಿನ ಚೌಕಿಮನೆಯಷ್ಟೇ ಅಲ್ಲ, ರಾಮದುರ್ಗಕ್ಕೆ ದೂರವಲ್ಲದ ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಅಲ್ಲಿ ಮತ್ತೆ ತಲೆಯೆತ್ತಿದೆ. ಅಂಥ ಸಾಹಸ ಎಲ್ಲರ ಕೈಮೀರಿದ್ದು. ಒಂದು ಕದವನ್ನು ಉಳಿಸುವುದು ಎಲ್ಲರ ಕೈಯಳತೆಯಲ್ಲಿದೆ.

ಯಾವ ಬಾಗಿಲು ತಕ್ಕದ್ದು, ಯಾವುದು ಅಲ್ಲ

ಎಲ್ಲ ಬಾಗಿಲುಗಳೂ ಮಂಚಕ್ಕೆ ತಕ್ಕವಲ್ಲ. ಗಜಲಕ್ಷ್ಮಿಯನ್ನೋ ಗಣಪತಿಯನ್ನೋ ಕೆತ್ತಿದ ಮೇಲ್ಪಟ್ಟಿಗೆ, ದೇವರಮನೆಯ ಚೌಕಟ್ಟಿಗೆ ಗರಗಸ ಹಚ್ಚಬಾರದು. ಅವು ಇದ್ದಂತೆಯೇ ಇರಲಿ. ಹೊಸ ಮನೆಯ ದೇವರಕೋಣೆಗೆ ಸಲ್ಲಲಿ. ಹೊಸ್ತಿಲೂ ಹಾಗೆಯೇ. ಹೊಸ್ತಿಲನ್ನು ತುಳಿಯಬಾರದೆಂದು ಕಲಿತವರಿಗೆ ಅದಕ್ಕೆ ಬೆನ್ನು ಕೊಟ್ಟು ಮಲಗುವುದು ಮನಸ್ಸಿಗೆ ಒಗ್ಗದು. ಮಂಚಕ್ಕೆ ಕದ ಸಾಕು.

ಕಾನೂನಿನ ಮಾತೂ ಒಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ನೂರು ವರ್ಷಕ್ಕೆ ಕಡಮೆಯಿಲ್ಲದ ಕುಶಲ ಕೆಲಸದ ವಸ್ತುಗಳು, ಕಟ್ಟಡದಿಂದ ಬಿಡಿಸಿ ತೆಗೆದ ವಸ್ತುಗಳು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ವಾಡೆಯ ಕೆತ್ತನೆಯ ಬಾಗಿಲಿಗೆ ದೊಡ್ಡ ಬೆಲೆ ಹೇಳುವ ಅಪರಿಚಿತನು ಬಂದಾಗ ಇದನ್ನು ನೆನೆಯಬೇಕು. ಕಾಲವೂ ಕೆತ್ತನೆಯೂ ಹಿರಿದೆಂದು ತೋರಿದರೆ, ಕೈ ಹಾಕುವ ಮುನ್ನ ಪುರಾತತ್ತ್ವ ಇಲಾಖೆಯವರನ್ನು ಕೇಳುವುದು ಲೇಸು. ಇಲ್ಲಿ ಹೇಳುತ್ತಿರುವುದು ಸಾಮಾನ್ಯ ಒಕ್ಕಲುಮನೆಯ, ಅಗಲ ಹಲಗೆಗಳನ್ನು ನೆಟ್ಟಗೆ ಜೋಡಿಸಿ ಹಿಂದೆ ಅಡ್ಡಪಟ್ಟಿ ಹೊಡೆದ ಸಾದಾ ಕದಗಳ ವಿಚಾರ.

ಅಂಥ ಕದವನ್ನು ಆರಿಸುವಾಗ ಮೊದಲು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಗಟ್ಟಿ ಮರ ಠಣ್ಣೆನ್ನುತ್ತದೆ. ಒಳಗೆ ಒರಲೆ ತಿಂದ ಮರ ಬೊದ್ದೆಂದು ಮಂಕಾಗಿ ನುಡಿಯುತ್ತದೆ. ಅನುಮಾನ ಬಂದಲ್ಲಿ ದಬ್ಬಣದಿಂದ ಚುಚ್ಚಿ ನೋಡಬಹುದು. ತಡೆಯಿಲ್ಲದೆ ಒಳಗಿಳಿದರೆ ಆ ಭಾಗ ಉಪಯೋಗಕ್ಕಿಲ್ಲ. ಸಾಸಿವೆ ಕಾಳಿನಂಥ ತೂತುಗಳಿಂದ ಗೋದಿಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತಿದ್ದರೆ ಕೊರೆಯುವ ಹುಳು ಇನ್ನೂ ಒಳಗಿದೆಯೆಂದು ಅರ್ಥ. ಕದದ ಕೆಳಗಿನ ತುದಿ ಸಾರಣೆಯ ನೀರು ಕುಡಿದು ಕುಡಿದು ಎರಡು ಮೂರು ಅಂಗುಲದಷ್ಟು ಮೆತ್ತಗಾಗಿರುವುದು ಸಾಮಾನ್ಯ. ಅದಕ್ಕಾಗಿ ಕದವನ್ನೇ ಬಿಡಬೇಕಾಗಿಲ್ಲ. ಅಷ್ಟನ್ನು ಕೊಯ್ದು ತೆಗೆದರೆ ಸಾಕು.

ಬಣ್ಣದಲ್ಲಿ ಅಡಗಿದ ವಿಷ

ಹಳೆಯ ಕದದ ಮೇಲೆ ಒಂದರ ಮೇಲೊಂದರಂತೆ ಬಣ್ಣದ ಪದರುಗಳಿರುತ್ತವೆ. ಮದುವೆಗೊಮ್ಮೆ, ಹಬ್ಬಕ್ಕೊಮ್ಮೆ ಬಳಿದ ಹಸಿರು, ನೀಲಿ, ಕೆಂಪು. ನೋಡಲು ಅಂದವಾದ ಈ ಪದರುಗಳಲ್ಲಿಯೇ ಎಲ್ಲಕ್ಕಿಂತ ದೊಡ್ಡ ಅಪಾಯ ಅಡಗಿದೆ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶ ಧಾರಾಳವಾಗಿ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ಭಾರತ ಸರಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಸೀಸವುಳ್ಳದ್ದೆಂದೇ ಎಣಿಸಿ ನಡೆಯುವುದು ಜಾಣತನ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಬಸಿರಿಯರಿಗೂ ಕೇಡು ಮಾಡುತ್ತದೆ. ದಿನವೂ ತಲೆಯಿಟ್ಟು ಮಲಗುವ ಕಡೆ ಅಂಥ ಧೂಳು ಉದುರಬಾರದು.

ಆದುದರಿಂದ ಒಣ ಬಣ್ಣವನ್ನು ಯಂತ್ರದಿಂದ ಉಜ್ಜುವುದು, ಬೆಂಕಿಯ ಜ್ವಾಲೆಯಿಂದ ಸುಡುವುದು ಎರಡೂ ಕೂಡದು. ಕೆಲಸ ಮನೆಯ ಒಳಗೆ ಬೇಡ. ಬಯಲಿನಲ್ಲಿ, ಕೆಳಗೆ ತಾಡಪಾಲು ಹಾಸಿಕೊಂಡು ನಡೆಯಲಿ. ಮಕ್ಕಳೂ ಗರ್ಭಿಣಿಯರೂ ದೂರವಿರಲಿ. ಅಂಗಡಿಯಲ್ಲಿ ಸಿಗುವ ಬಣ್ಣ ಸಡಿಲಿಸುವ ದ್ರಾವಣವನ್ನು ಹಚ್ಚಿ, ಬಣ್ಣ ಉಬ್ಬಿದ ಮೇಲೆ ಮೊಂಡು ಪಟ್ಟಿಯಿಂದ ಕೆರೆದು ತೆಗೆಯಬೇಕು. ಉಳಿದದ್ದನ್ನು ನೀರಿನಲ್ಲಿ ನೆನೆಸಿದ ಉಜ್ಜುಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಮೂಗಿಗೆ ಸಣ್ಣ ಧೂಳನ್ನೂ ತಡೆಯುವ ಮುಖವಾಡ, ಕೈಗೆ ಕೈಗವಸು ಇರಲೇಬೇಕು. ಕೆರೆದ ಬಣ್ಣವನ್ನು ತಿಪ್ಪೆಗೆಸೆದರೆ ಅದು ಮರಳಿ ಹೊಲಕ್ಕೇ ಬರುತ್ತದೆ. ಆದುದರಿಂದ ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದೊಂದಿಗೆ ಬೇರೆಯಾಗಿ ಕೊಡಬೇಕು. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಂದಿಗೆ ಒಗೆಯಬಾರದು. ಇಷ್ಟೆಲ್ಲ ಅನುಕೂಲವಿಲ್ಲದವರು ಬಣ್ಣವಿಲ್ಲದ, ಎಣ್ಣೆ ಹಚ್ಚಿಯೇ ಬಳಸಿದ ಕದವನ್ನು ಆರಿಸಿಕೊಳ್ಳುವುದು ಮೇಲು.

ಬಣ್ಣ ಹೋದ ಮೇಲೆ ಹುಳುವಿನ ಸರದಿ. ಒಂದು ಲೀಟರ್ ಬಿಸಿನೀರಿನಲ್ಲಿ 60 ಗ್ರಾಂ ಬಿಳಿಗಾರವನ್ನೂ 40 ಗ್ರಾಂ ಬೋರಿಕ್ ಆಮ್ಲವನ್ನೂ ಕರಗಿಸಿ, ಬರಿಯ ಮರದ ಎಲ್ಲ ಮುಖಗಳಿಗೂ, ವಿಶೇಷವಾಗಿ ಅಡ್ಡಕೊಯ್ತದ ತುದಿಗಳಿಗೂ ತೂತುಗಳಿಗೂ, ಎರಡು ಮೂರು ಸಲ ಕುಂಚದಿಂದ ಕುಡಿಸಬೇಕು. ಮರ ಪೂರ್ತಿ ಒಣಗಲು ವಾರವೊಂದು ಬೇಕಾದೀತು. ಈ ದ್ರಾವಣವೂ ಮಕ್ಕಳ ಕೈಗೆ ಸಿಗಬಾರದು.

ಬಾಗಿಲಿನ ಎತ್ತರವೇ ಮಂಚದ ಅಗಲ

ಈಗ ಕಟ್ಟುವ ಕೆಲಸ. ಇಲ್ಲಿ ಹಳೆಯ ಕಾಲದ ಬಡಿಗನು ತಿಳಿಯದೆಯೇ ಒಂದು ಉಪಕಾರ ಮಾಡಿ ಹೋಗಿದ್ದಾನೆ. ಬಗ್ಗಿ ಒಳಬರಬೇಕಾದ ಹಳೆಯ ತಲೆಬಾಗಿಲಿನ ಕದ ಐದೂವರೆಯಿಂದ ಆರು ಅಡಿ ಎತ್ತರವಿದ್ದು, ಒಂದೂಮುಕ್ಕಾಲು ಅಡಿಯಷ್ಟು ಅಗಲವಿರುವುದುಂಟು. ಇಂದಿನ ಜೋಡಿಮಂಚದ ಅಗಲ ಐದು ಇಲ್ಲವೆ ಆರು ಅಡಿ. ಕದವನ್ನು ಅಡ್ಡ ಮಲಗಿಸಿದರೆ ಅದರ ಎತ್ತರ ಮಂಚದ ಅಗಲಕ್ಕೆ ಒದಗಿಬರುತ್ತದೆ. ಎರಡೂ ಕದಗಳಿದ್ದರೆ ಒಂದರ ಮೇಲೊಂದನ್ನು ಇಟ್ಟು ಎತ್ತರವಾದ ತಲೆಹಲಗೆ ಮಾಡಬಹುದು; ನೆಲದಿಂದ ಆರಂಗುಲ ಮೇಲೆ ಆರಂಭವಾದರೆ ಅದು ನಾಲ್ಕು ಅಡಿಯ ಮಟ್ಟ ಮುಟ್ಟುತ್ತದೆ. ಒಂದೇ ಕದ ಪಾಲಿಗೆ ಬಂದವರು ಅದನ್ನು ಹಾಸಿಗೆಯ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 22 ಅಂಗುಲದ ಮೇಲೆ, ಎರಡು ಕಾಲುಗಳ ಆಧಾರದಲ್ಲಿ ನಿಲ್ಲಿಸಿದರೆ ಒರಗಲು ಸಾಕಾಗುತ್ತದೆ. ಮಂಚಕ್ಕಿಂತ ಕದ ಎರಡು ಮೂರು ಅಂಗುಲ ಉದ್ದವಿದ್ದರೆ ಕತ್ತರಿಸುವ ಅವಸರ ಬೇಡ. ಎರಡೂ ಕಡೆ ಸಮನಾಗಿ ಚಾಚಿಕೊಂಡರೆ ಅದೇ ಒಂದು ಶೋಭೆ.

ಕತ್ತರಿಸಬೇಕಾಗಿ ಬಂದರೂ ಮೊದಲು ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು ನೋಡಬೇಕು. ಎರೆಯ ಸೀಮೆಯ ಕದಗಳು ಚಚ್ಚೌಕವಾಗಿರುವುದು ಅಪರೂಪ. ಅದಕ್ಕೆ ಕಾರಣ ನೆಲದಲ್ಲಿಯೇ ಇದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರೊಡನೆ ಗೋಡೆಯೂ ಚೌಕಟ್ಟೂ ಓರೆಯಾಗುತ್ತವೆ. ಕದ ಕಚ್ಚಿಕೊಂಡಾಗಲೆಲ್ಲ ಬಡಿಗನು ಬಂದು ಅಂಚನ್ನು ಕೀಸಿ ಹೋಗುತ್ತಾನೆ. ಹೀಗೆ ಹತ್ತಾರು ಮಳೆಗಾಲಗಳ ನಂತರ ಕದ ತನ್ನ ಚೌಕಟ್ಟಿಗೆ ಮಾತ್ರ ಸರಿಯಾಗಿರುತ್ತದೆ. ಎರಡು ಕರ್ಣಗಳ ಅಳತೆಯಲ್ಲಿ ಅರ್ಧ ಅಂಗುಲದ ವ್ಯತ್ಯಾಸವಿದ್ದರೆ ಕಣ್ಣಿಗೆ ಕಾಣದು, ಬಿಟ್ಟುಬಿಡಬಹುದು. ಅದಕ್ಕಿಂತ ಹೆಚ್ಚಾದರೆ ಹಾಸಿಗೆಯ ಹಿಂದೆ ಮರೆಯಾಗುವ ಕೆಳ ಅಂಚನ್ನು ಓರೆ ಬಿಟ್ಟು, ಮೇಲಿನ ಅಂಚನ್ನು ಮಟ್ಟಗೋಲಿಗೆ ಸರಿಮಾಡಿಕೊಳ್ಳಬೇಕು.

ಹಳೆಯ ಕದಗಳಲ್ಲಿ ಹಲವಕ್ಕೆ ಬಿಜಾಗರಿ ಇರುವುದಿಲ್ಲ. ಕದದ ಒಂದು ಪಕ್ಕದ ಮೇಲೂ ಕೆಳಗೂ ಚಾಚಿದ ಗೂಟ ಹೊಸ್ತಿಲಿನ ಮತ್ತು ಮೇಲ್ಪಟ್ಟಿಯ ಕುಳಿಗಳಲ್ಲಿ ತಿರುಗುತ್ತದೆ. ಮಲಗಿಸಿದಾಗ ಆ ಗೂಟಗಳು ಎಡಕ್ಕೂ ಬಲಕ್ಕೂ ಕೊಂಬಿನಂತೆ ಚಾಚುತ್ತವೆ. ಕೋಣೆ ಇಕ್ಕಟ್ಟಾಗಿದ್ದರೆ ಕೊಯ್ದು ಬಿಡಬೇಕು. ಇಲ್ಲವಾದರೆ ಸೀರೆ ಸಿಕ್ಕಿಕೊಂಡೀತು, ಮಗುವಿನ ಹಣೆಗೆ ತಗುಲೀತು. ಜಾಗವಿದ್ದರೆ ತುದಿಯನ್ನು ಗುಂಡಾಗಿ ಉಜ್ಜಿ ಉಳಿಸಬಹುದು. ಚಿಲಕದ ಸರಪಳಿಯನ್ನೂ ಚೂಪಾದ ಕೊಂಡಿಗಳನ್ನೂ ತಲೆಯ ಮಟ್ಟದಿಂದ ತೆಗೆಯಬೇಕು. ಹಲಗೆಯೊಳಗೆ ಮುರಿದು ಉಳಿದ ಕಬ್ಬಿಣದ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ ಕಿತ್ತ ಮೇಲೆಯೇ ಗರಗಸ ಹಚ್ಚಬೇಕು. ಒಂದು ಮೊಳೆ ಗರಗಸದ ಹಲ್ಲನ್ನೆಲ್ಲ ಕೆಡಿಸುತ್ತದೆ.

ಇನ್ನು ಆಧಾರ. ಒಂದೂಕಾಲು ಅಂಗುಲ ದಪ್ಪದ ಸಾಗುವಾನಿಯ ಕದವೊಂದು ಸುಮಾರು 20 ಕಿಲೋ ತೂಗುತ್ತದೆ. ಅಡ್ಡಪಟ್ಟಿಗಳ ತೂಕ ಬೇರೆ. ಜೋಡಿಯಾದರೆ ನಲವತ್ತನ್ನು ಮೀರುತ್ತದೆ. ಅದನ್ನು ಗೋಡೆಗೆ ಸುಮ್ಮನೆ ಒರಗಿಸಿಡುವುದು ಅಪಾಯವನ್ನು ತಲೆದೆಸೆಯಲ್ಲಿ ಇಟ್ಟುಕೊಂಡಂತೆ. ಮೂರು ಅಂಗುಲ ಅಗಲ, ಎರಡು ಅಂಗುಲ ದಪ್ಪದ ಎರಡು ಗಟ್ಟಿ ಪಟ್ಟಿಗಳನ್ನು ನೆಲದಿಂದ ತಲೆಹಲಗೆಯ ಮೇಲ್ತುದಿಯವರೆಗೆ ಹಿಂಬದಿಯಲ್ಲಿ ನಿಲ್ಲಿಸಿ, ಕದಗಳನ್ನು ಅವಕ್ಕೆ ಬಿಗಿಯಬೇಕು. ಮೊಳೆ ಬೇಡ, ಸ್ಕ್ರೂ ಇರಲಿ. ಹಿಂದಿನಿಂದ ಹೊಕ್ಕ ಸ್ಕ್ರೂ ಕದದೊಳಕ್ಕೆ ಒಂದಂಗುಲ ಇಳಿದರೆ ಸಾಕು, ಮುಂದೆ ತೂರಿ ಬರಬಾರದು. ಪಟ್ಟಿಯಲ್ಲಿ ಕೊರೆಯುವ ತೂತುಗಳನ್ನು ಮೇಲೆ ಕೆಳಗೆ ಸ್ವಲ್ಪ ಉದ್ದವಾಗಿ ಕೊರೆದು ವಾಷರ್ ಹಾಕಬೇಕು. ಮರ ಎಷ್ಟೇ ಹಳೆಯದಾದರೂ ಮಳೆಗಾಲದಲ್ಲಿ ಅಡ್ಡಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅಲುಗಲು ಎಡೆಯಿಲ್ಲದಂತೆ ಬಿಗಿದರೆ ಎಷ್ಟೋ ವರ್ಷ ಬಿರಿಯದ ಹಲಗೆ ಒಂದೇ ವರ್ಷದಲ್ಲಿ ಬಿರಿಯುತ್ತದೆ.

ಹೀಗೆ ಸಿದ್ಧವಾದ ತಲೆಹಲಗೆಯನ್ನು ಮಂಚದ ಚೌಕಟ್ಟಿಗೆ ಪ್ರತಿ ಪಕ್ಕಕ್ಕೂ ಎರಡೆರಡು 10 ಮಿಲಿಮೀಟರ್ ಬೋಲ್ಟುಗಳಿಂದ ಸೇರಿಸಬೇಕು. ಮಂಚ ಹಗುರವಾಗಿದ್ದರೆ, ಅಥವಾ ಮನೆಯಲ್ಲಿ ಹತ್ತಿ ಇಳಿಯುವ ಮಕ್ಕಳಿದ್ದರೆ, ಮೇಲ್ತುದಿಯನ್ನು ಗೋಡೆಗೂ ಒಂದು ಕಬ್ಬಿಣದ ಪಟ್ಟಿಯಿಂದ ಹಿಡಿಸುವುದು ಅವಶ್ಯ. ಈ ಜೋಡಣೆಯ ಕೆಲಸ ಕೈಗೆ ಬಾರದವರು ಒಂದು ದಿನದ ಮಟ್ಟಿಗೆ ಬಡಿಗೇರರನ್ನು ಕರೆಯಬಹುದು. ಈ ಸೀಮೆಯಲ್ಲಿ ಅವರಿಗೆ ಕೊರತೆಯಿಲ್ಲ. ವಿಶ್ವಕರ್ಮ ಕುಲದವರು ಭಕ್ತಿಯಿಂದ ನಡೆದುಕೊಳ್ಳುವ ಕಾಳಿಕಾದೇವಿಯ ಕ್ಷೇತ್ರ ಸವದತ್ತಿಯ ಸೀಮೆಯ ಸಿರಸಂಗಿಯಲ್ಲಿಯೇ ಇದೆ. ಹಳೆಯ ಬಾಗಿಲಿನ ಜೋಡಣೆಯನ್ನು ಬಿಚ್ಚುವ ಮುನ್ನ ಹಿರಿಯ ಬಡಿಗನ ಕಣ್ಣಿಗೊಮ್ಮೆ ಬಿದ್ದರೆ, ಯಾವುದನ್ನು ಮುಟ್ಟಬಾರದೆಂದು ಅವನೇ ಹೇಳುತ್ತಾನೆ.

ಅಗಸೆಯ ಎಣ್ಣೆ, ಒಂದು ಎಚ್ಚರಿಕೆ

ಹೊಳೆಯುವ ವಾರ್ನಿಷು ಹಳೆಯ ಕದಕ್ಕೆ ಒಪ್ಪುವುದಿಲ್ಲ. ಅಜ್ಜಿಗೆ ರೇಷ್ಮೆಯ ರಿಬ್ಬನ್ ಕಟ್ಟಿದಂತಾಗುತ್ತದೆ. ಅದಕ್ಕೆ ತಕ್ಕ ಲೇಪ ಈ ನೆಲದಲ್ಲಿಯೇ ಬೆಳೆಯುತ್ತದೆ. ರೊಟ್ಟಿಯೊಂದಿಗೆ ಚಟ್ನಿಯಾಗಿ ಬಡಿಸುವ ಅಗಸೆಯ ಎಣ್ಣೆ ಮರದೊಳಗೆ ಇಳಿದು ಗಾಳಿಯಲ್ಲಿ ಗಟ್ಟಿಯಾಗುವ ಗುಣವುಳ್ಳದ್ದು. ಸಮನಾಗಿ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೆಳ್ಳಗೆ ತಿಕ್ಕಬೇಕು. ಅರ್ಧ ಗಂಟೆಯ ಮೇಲೆ, ಮರ ಕುಡಿಯದೆ ಬಿಟ್ಟದ್ದನ್ನು ಒರೆಸಿಬಿಡಬೇಕು. ಪ್ರತಿ ಸಲವೂ ಚೆನ್ನಾಗಿ ಆರಲು ಬಿಟ್ಟು ಮೂರು ಸಲ ಮಾಡಿದರೆ ಮರದ ಎಳೆಗಳು ಜೀವ ಬಂದಂತೆ ಮೇಲೇಳುತ್ತವೆ. ಕಚ್ಚಾ ಎಣ್ಣೆ ಆರಲು ಹಲವು ದಿನ ಬೇಕು. ವಾಸನೆ ಪೂರ್ತಿ ಹೋಗುವತನಕ ಮಲಗುವ ಕೋಣೆಗೆ ತರಬಾರದು.

ಎಚ್ಚರಿಕೆ ಇರುವುದು ಬಟ್ಟೆಯ ವಿಷಯದಲ್ಲಿ. ಅಗಸೆಯೆಣ್ಣೆ ಆರುವಾಗ ಕಾವು ಹುಟ್ಟುತ್ತದೆ. ಎಣ್ಣೆ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಕಾವು ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಒಲೆಯಿಂದ ಉಳಿಸಿದ ಬಾಗಿಲು ಬಟ್ಟೆಯ ಕಿಡಿಗೆ ಆಹುತಿಯಾಗಬಾರದು.

ಉಜ್ಜಬಾರದ ಜಾಗ

ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಒಂದು ಆಸೆ ಹುಟ್ಟುವುದು ಸಹಜ: ಇನ್ನಷ್ಟು ಉಜ್ಜೋಣ, ಹೊಸದರಂತೆ ಮಾಡೋಣ. ಅಲ್ಲಿಯೇ ಕೈ ನಿಲ್ಲಿಸಬೇಕು. ಚಿಲಕದ ಬಳಿ, ಮನುಷ್ಯನ ಕೈಯೆತ್ತರದಲ್ಲಿ, ಪ್ರತಿ ಹಳೆಯ ಕದದ ಮೇಲೂ ಅಂಗೈಯಗಲದ ಒಂದು ಜಾಗ ಉಳಿದ ಮರಕ್ಕಿಂತ ಕಪ್ಪಾಗಿ, ನುಣುಪಾಗಿ ಇರುತ್ತದೆ. ಯಾವ ಬಡಿಗನೂ ಅದನ್ನು ನುಣುಪು ಮಾಡಿದ್ದಲ್ಲ. ಹೊಲದಿಂದ ಬಂದ ಅಜ್ಜನ ಕೈ, ಕೊಡ ಹೊತ್ತು ಭುಜದಿಂದ ತಳ್ಳಿದ ಅಜ್ಜಿಯ ಕೈ, ಶಾಲೆಯಿಂದ ಓಡಿಬಂದ ಮಕ್ಕಳ ಕೈಗಳು ಎಷ್ಟೋ ವರ್ಷ ತಾಗಿ ತಾಗಿ ಮಾಡಿದ ಕೆಲಸ ಅದು. ಉಜ್ಜುಕಾಗದ ಐದೇ ನಿಮಿಷದಲ್ಲಿ ಅದನ್ನು ಅಳಿಸಬಲ್ಲದು. ಅಳಿಸಿದ್ದನ್ನು ಮರಳಿ ತರಲು ಇನ್ನೊಂದು ಆಯುಷ್ಯ ಬೇಕು. ಹಳೆಯ ಬಣ್ಣ ಅಲ್ಲಿ ಸವೆದು ಹೋಗಿರುವುದೇ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ ಬಿಟ್ಟರೆ ಸಾಕು.

ಪೇಟೆಯಲ್ಲಿ ಪ್ಲೈವುಡ್ಡಿನ ಅಂದವಾದ ತಲೆಹಲಗೆಗಳು ಬೇಕಾದಷ್ಟು ಸಿಗುತ್ತವೆ. ಈ ಕಷ್ಟವೆಲ್ಲ ಯಾಕೆಂದು ಕೇಳುವವರೂ ಉಂಟು. ಅವರಿಗೆ ಉತ್ತರ ಆ ಅಂಗೈಯಗಲದ ಜಾಗದಲ್ಲಿಯೇ ಇದೆ. ಹೊಳೆ ಊರನ್ನು ನುಂಗಬಹುದು, ಪಾಲುಪತ್ರ ಮನೆಯನ್ನು ಒಡೆಯಬಹುದು, ಸಿಮೆಂಟು ಮಾಳಿಗೆಯನ್ನು ಇಳಿಸಬಹುದು. ಆದರೂ ತವರಿನಿಂದ ಎಷ್ಟೋ ಹರಿದಾರಿ ದೂರದ ಮೂರನೆಯ ಮಹಡಿಯ ಕೋಣೆಯಲ್ಲಿ, ದೀಪ ಆರಿಸಿದ ಮೇಲೆ, ಕತ್ತಲಲ್ಲಿ ಕೈ ಚಾಚಿದ ಮಗಳಿಗೆ ಅವಳ ತಾಯಿಯ ಕೈ ತಾಗಿದ ಜಾಗವೇ ತಾಗುತ್ತದೆ. ಬಾಗಿಲು ತನ್ನ ಕೆಲಸವನ್ನು ಬಿಟ್ಟಿಲ್ಲ. ಕಾಯುವ ಜಾಗವನ್ನು ಮಾತ್ರ ಬದಲಿಸಿದೆ.